ಸರೋವರದ ತಳದ ಸಾಕ್ಷಿ

ನೀರು ತನ್ನ ಒಡಲಲ್ಲಿ ಏನನ್ನು ಅಡಗಿಸಿಕೊಂಡಿದೆ ಎಂಬುದನ್ನು ದಡದಲ್ಲಿ ನಿಂತವನಿಗೆ ಹೇಳುವುದಿಲ್ಲ. ಮೇಲೆ ಆಕಾಶದ ನೆರಳು, ಬೆಟ್ಟದ ಪ್ರತಿಬಿಂಬ, ತೇಲುವ ದೋಣಿ. ಕೆಳಗೆ ಕತ್ತಲು, ಚಳಿ, ಮೌನ. ಹಿಂದಿನ ಕಾಲದಲ್ಲಿ ಆ ಕತ್ತಲಿಗೆ ದೋಣಿಗಳೂ ಹಡಗುಗಳೂ ಜಾರಿದುವು. ಇಪ್ಪತ್ತನೆಯ ಶತಮಾನದಲ್ಲಿ ಮೋಟಾರು ವಾಹನ ಲೋಕವನ್ನೆಲ್ಲ ವ್ಯಾಪಿಸಿದ ಮೇಲೆ ಕಾರುಗಳೂ ಅವುಗಳ ಜೊತೆ ಸೇರಿದುವು. ಶೀತದೇಶಗಳಲ್ಲಿ ಚಳಿಗಾಲದಲ್ಲಿ ಸರೋವರ ಹೆಪ್ಪುಗಟ್ಟಿದಾಗ ಅದರ ಮೇಲೆಯೇ ವಾಹನ ನಡೆಸುವ ರೂಢಿಯುಂಟು. ಮಂಜುಗಡ್ಡೆ ಬಿರಿದು ಕೆಲವು ಕಾರುಗಳು ಮುಳುಗಿವೆ. ಇರುಳಿನಲ್ಲಿ ದಾರಿ ತಪ್ಪಿ ನೀರಿಗೆ ಉರುಳಿದುವು ಕೆಲವು. ಕದ್ದವರು ಗುರುತು ಸಿಗದಿರಲೆಂದು ನೂಕಿದುವು ಕೆಲವು. ಹಳತಾಯಿತೆಂದು ಒಡೆಯರೇ ಕೈಬಿಟ್ಟುವು ಮತ್ತೆ ಕೆಲವು.

ಹೀಗೆ ಮುಳುಗಿದ ಕಾರೊಂದು ಹಲವು ದಶಕಗಳ ಬಳಿಕ ಮೇಲೆ ಬಂದಿತೆಂದುಕೊಳ್ಳೋಣ. ಅದನ್ನು ಏನು ಮಾಡಬೇಕು? ತುಕ್ಕನ್ನು ಉಜ್ಜಿ, ಹೊಸ ತಗಡು ಹೊದಿಸಿ, ಬಣ್ಣ ಬಳಿದು, ಯಂತ್ರವನ್ನು ಸರಿಪಡಿಸಿ, ಮತ್ತೆ ರಸ್ತೆಯಲ್ಲಿ ಓಡಿಸಬೇಕೆ? ಅಥವಾ ನೀರು ಹೇಗೆ ಕೊಟ್ಟಿತೋ ಹಾಗೆಯೇ ಇರಿಸಬೇಕೆ? ಮೇಲ್ನೋಟಕ್ಕೆ ಇದು ಹಳೆಯ ಕಾರುಗಳನ್ನು ಕೂಡಿಡುವ ಶ್ರೀಮಂತರ ಹವ್ಯಾಸಕ್ಕೆ ಸೇರಿದ ಪ್ರಶ್ನೆಯೆಂದು ತೋರುತ್ತದೆ. ಆದರೆ ಹಿಂದಿನ ಕಾಲದಿಂದ ಉಳಿದು ಬಂದ ಯಾವುದೇ ವಸ್ತುವಿನ ಬಗ್ಗೆ ಮನುಷ್ಯನಿಗಿರುವ ಹೊಣೆ ಎಂಥದು ಎಂಬ ದೊಡ್ಡ ಪ್ರಶ್ನೆ ಅದರ ಒಳಗೆ ಅಡಗಿದೆ. ಸ್ವಿಟ್ಸರ್‌ಲೆಂಡಿನ ಸರೋವರವೊಂದರಿಂದ 2009ರಲ್ಲಿ ಮೇಲೆ ಬಂದ ಒಂದು ಕಾರಿನ ಕಥೆಯನ್ನು ತಿಳಿದರೆ ಈ ಪ್ರಶ್ನೆಯ ಆಳ ಅರಿವಾಗುತ್ತದೆ.

ಇಟಲಿಗೂ ಸ್ವಿಟ್ಸರ್‌ಲೆಂಡಿಗೂ ಹಂಚಿಹೋಗಿರುವ ವಿಶಾಲವಾದ ಸರೋವರವೊಂದಿದೆ. ಅದರ ಹೆಸರು ಮಜ್ಜೋರೆ. ಆಲ್ಪ್ಸ್ ಪರ್ವತಗಳ ತಪ್ಪಲಿನಲ್ಲಿ ಹಬ್ಬಿರುವ ಈ ಸರೋವರದ ಆಳ ಕೆಲವೆಡೆ 370 ಮೀಟರುಗಳನ್ನೂ ಮೀರುತ್ತದೆ. ಅದರ ಉತ್ತರದ ದಡದಲ್ಲಿ, ಇಟಾಲಿಯನ್ ಮಾತನಾಡುವ ತಿಚಿನೋ ಪ್ರಾಂತದಲ್ಲಿ, ಅಸ್ಕೋನಾ ಎಂಬ ಪುಟ್ಟ ಪಟ್ಟಣವಿದೆ. 1930ರ ದಶಕದಲ್ಲಿ ಈ ಪಟ್ಟಣಕ್ಕೆ ಫ್ರಾನ್ಸಿನಿಂದ ಒಂದು ಕಾರು ಬಂದಿತು. ಅದು ಬುಗಾಟಿ ಸಂಸ್ಥೆ ತಯಾರಿಸಿದ ‘ಟೈಪ್ 22’ ಎಂಬ ಮಾದರಿಯ ಕಾರು.

ಬುಗಾಟಿ ಎಂಬ ಹೆಸರಿಗೆ ಮೋಟಾರು ವಾಹನಗಳ ಚರಿತ್ರೆಯಲ್ಲಿ ವಿಶೇಷ ಗೌರವವಿದೆ. ಆ ಸಂಸ್ಥೆಯನ್ನು ಸ್ಥಾಪಿಸಿದ ಎಟ್ಟೋರೆ ಬುಗಾಟಿ 1881ರಲ್ಲಿ ಇಟಲಿಯ ಮಿಲಾನ್ ನಗರದಲ್ಲಿ ಹುಟ್ಟಿದವನು, ಕಲಾವಿದರ ಮನೆತನದವನು. ಅವನು 1909ರಲ್ಲಿ ಆಲ್ಸೇಸ್ ಪ್ರಾಂತದ ಮೋಲ್ಶೈಮ್ ಎಂಬಲ್ಲಿ ತನ್ನ ಕಾರ್ಖಾನೆಯನ್ನು ಆರಂಭಿಸಿದನು. ಯಂತ್ರವು ಚೆನ್ನಾಗಿ ಓಡಿದರೆ ಸಾಲದು, ನೋಡುವುದಕ್ಕೂ ಸುಂದರವಾಗಿರಬೇಕೆಂಬುದು ಅವನ ಹಟ. ಅವನ ಸಣ್ಣ ಕಾರುಗಳು 1921ರಲ್ಲಿ ಇಟಲಿಯ ಬ್ರೆಷಾ ನಗರದಲ್ಲಿ ನಡೆದ ಪಂದ್ಯದಲ್ಲಿ ಮೊದಲ ನಾಲ್ಕು ಸ್ಥಾನಗಳನ್ನೂ ಗೆದ್ದುವು. ಅಂದಿನಿಂದ ಆ ಜಾತಿಯ ಕಾರುಗಳಿಗೆ ‘ಬ್ರೆಷಾ’ ಎಂಬ ಹೆಸರೇ ಅಂಟಿಕೊಂಡಿತು. ಸರೋವರಕ್ಕೆ ಇಳಿದ ಕಾರೂ ಈ ಮನೆತನದ್ದೇ. ಅದರ ಚೌಕಟ್ಟಿನ ಸಂಖ್ಯೆ 2461. ಫ್ರಾನ್ಸಿನ ನಾನ್ಸಿ ನಗರದಲ್ಲಿ 1925ರ ಏಪ್ರಿಲ್ ತಿಂಗಳಲ್ಲಿ ಅದು ಮೊದಲು ನೋಂದಣಿಯಾಯಿತೆಂದು ದಾಖಲೆಗಳು ಹೇಳುತ್ತವೆ.

ಅಂಥ ಕಾರು ನೀರಿನ ಪಾಲಾದದ್ದು ಅಪಘಾತದಿಂದಲ್ಲ, ಕಾನೂನಿನಿಂದ. ಹೊರದೇಶದಿಂದ ತಂದ ವಾಹನಕ್ಕೆ ಸ್ವಿಟ್ಸರ್‌ಲೆಂಡಿನಲ್ಲಿ ಸುಂಕ ತೆರಬೇಕಾಗಿತ್ತು. ಈ ಕಾರಿನ ಸುಂಕವನ್ನು ಯಾರೂ ತೆತ್ತಿರಲಿಲ್ಲ. ಅದನ್ನು ಇಟ್ಟುಕೊಂಡಿದ್ದವನು ಅಸ್ಕೋನಾವನ್ನು ಬಿಟ್ಟು ಹೊರಟುಹೋದನು. ಬಾಕಿಯ ಮೊತ್ತ ಕಾರಿನ ಬೆಲೆಯನ್ನೇ ಮೀರಿದ್ದಿತು. ಸುಂಕ ಸಲ್ಲದ ಸರಕನ್ನು ನಾಶ ಮಾಡುವುದು ಅಧಿಕಾರಿಗಳ ಕರ್ತವ್ಯವಾಗಿತ್ತು. ಆದ್ದರಿಂದ 1936ರಲ್ಲಿ ಕಾರನ್ನು ಸರೋವರಕ್ಕೆ ಇಳಿಸಿದರು. ಆದರೆ ಇಳಿಸುವಾಗ ಅದಕ್ಕೊಂದು ಸರಪಳಿ ಬಿಗಿದರು. ಒಡೆಯನು ಎಂದಾದರೂ ಹಿಂದಿರುಗಿ ಬಾಕಿಯನ್ನು ತೀರಿಸಿದರೆ ಕಾರನ್ನು ಮೇಲಕ್ಕೆಳೆದು ಕೊಡಬಹುದಲ್ಲವೆ ಎಂಬ ಆಲೋಚನೆ ಅದು. ಒಡೆಯನು ಬರಲಿಲ್ಲ. ವರ್ಷಗಳು ಕಳೆದುವು. ನೀರು ಸರಪಳಿಯನ್ನು ತಿಂದಿತು. ಒಂದು ದಿನ ಸರಪಳಿ ಕಡಿದು ಕಾರು ಸುಮಾರು 53 ಮೀಟರ್ ಆಳಕ್ಕೆ ಜಾರಿ, ಹೂಳಿನಲ್ಲಿ ಒಂದು ಮಗ್ಗುಲಾಗಿ ಮಲಗಿತು.

ಕಾರಿನ ಒಡೆಯ ಯಾರು ಎಂಬ ಬಗ್ಗೆ ಎರಡು ಕಥೆಗಳಿವೆ. ಅಸ್ಕೋನಾದಲ್ಲಿ ಕೆಲಕಾಲ ವಾಸಿಸಿದ್ದ ಪೋಲಿಷ್ ಮೂಲದ ವಾಸ್ತುಶಿಲ್ಪಿಯೊಬ್ಬನು ಅದನ್ನು ತಂದನೆಂದು ಒಂದು ಕಥೆ. ಫ್ರಾನ್ಸಿನ ಪ್ರಸಿದ್ಧ ಪಂದ್ಯಚಾಲಕ ರೆನೆ ದ್ರೇಫಸ್ ಪ್ಯಾರಿಸ್ಸಿನಲ್ಲಿ ಒಂದು ರಾತ್ರಿ ಇಸ್ಪೀಟಿನ ಜೂಜಿನಲ್ಲಿ ಅದನ್ನು ಸೋತನೆಂದೂ, ಗೆದ್ದವನು ಗಡಿಯಲ್ಲಿ ಸುಂಕ ತೆರಲಾರದೆ ಬಿಟ್ಟುಹೋದನೆಂದೂ ಇನ್ನೊಂದು ಕಥೆ. ಎರಡನೆಯದು ಕೇಳಲು ಸೊಗಸು. ಆದ್ದರಿಂದಲೇ ಹೆಚ್ಚು ಹರಡಿತು. ಸೊಗಸಾದ ಕಥೆಗಳಿಗೂ ನಿಜವಾದ ಸಂಗತಿಗಳಿಗೂ ನಡುವೆ ತೀರ್ಪು ಕೊಡಬಲ್ಲವು ದಾಖಲೆಗಳು ಮತ್ತು ವಸ್ತುಗಳು ಮಾತ್ರ ಎಂಬುದನ್ನು ಇಲ್ಲಿಯೇ ನೆನಪಿಡುವುದು ಒಳ್ಳೆಯದು.

ಸರೋವರದಲ್ಲಿ ಕಾರೊಂದಿದೆ ಎಂಬ ಮಾತು ಊರಿನ ಹಿರಿಯರ ಬಾಯಲ್ಲಿ ಉಳಿದಿತ್ತು. 1967ರ ಆಗಸ್ಟ್ ತಿಂಗಳಲ್ಲಿ ಮುಳುಗುಗಾರನೊಬ್ಬನು ಅದನ್ನು ಕಣ್ಣಾರೆ ಕಂಡನು. ಆ ಬಳಿಕ ಸ್ಥಳೀಯ ಮುಳುಗುಗಾರರ ಸಂಘದವರಿಗೆ ಆ ಕಾರು ನೀರಿನೊಳಗಿನ ಒಂದು ಯಾತ್ರಾಸ್ಥಳವಾಯಿತು. ಅವರು ಇಳಿಯುತ್ತಿದ್ದರು, ದೀಪದ ಬೆಳಕಿನಲ್ಲಿ ನೋಡುತ್ತಿದ್ದರು, ಮೇಲೆ ಬರುತ್ತಿದ್ದರು. ನಾಲ್ಕು ದಶಕಗಳ ಕಾಲ ಅದನ್ನು ಎತ್ತಿ ಮಾರಬೇಕೆಂಬ ಕೆಲಸಕ್ಕೆ ಅವರು ಕೈಹಾಕಲಿಲ್ಲ. ಕೊನೆಗೆ ಎತ್ತಿದ್ದಕ್ಕೆ ಕಾರಣವಾದದ್ದು ಹಣದ ಆಸೆಯಲ್ಲ, ಒಂದು ಸಾವು.

2008ರ ಫೆಬ್ರವರಿಯಲ್ಲಿ ನೆರೆಯ ಲೊಕಾರ್ನೊ ಪಟ್ಟಣದಲ್ಲಿ ಉತ್ಸವ ನಡೆದಿತ್ತು. ಆ ಸಂಭ್ರಮದ ರಾತ್ರಿಯಲ್ಲಿ ಕೆಲವು ಯುವಕರು ಇಪ್ಪತ್ತೆರಡು ವರ್ಷದ ತರುಣನೊಬ್ಬನನ್ನು ಹೊಡೆದು ಕೊಂದರು. ಮಗನನ್ನು ಕಳೆದುಕೊಂಡ ಕುಟುಂಬದವರು ದುಃಖವನ್ನು ದ್ವೇಷವಾಗಿ ಬೆಳೆಯಗೊಡಲಿಲ್ಲ. ಯುವಜನರಲ್ಲಿ ಹಿಂಸೆಯನ್ನು ತಡೆಯುವ ಕೆಲಸಕ್ಕಾಗಿ ಅವನ ಹೆಸರಿನಲ್ಲಿ ಒಂದು ಪ್ರತಿಷ್ಠಾನವನ್ನು ಕಟ್ಟಿದರು. ಆ ಕುಟುಂಬವನ್ನು ಬಲ್ಲವರು ಮುಳುಗುಗಾರರ ಸಂಘದಲ್ಲಿದ್ದರು. ಒಳ್ಳೆಯ ಕೆಲಸಕ್ಕೆ ಹಣ ಬೇಕು, ತಮ್ಮಲ್ಲಿ ಏನಿದೆ? ಸರೋವರದ ತಳದಲ್ಲಿ ಒಂದು ಕಾರಿದೆ! ಅದನ್ನು ಮೇಲೆ ತಂದು ಮಾರಿ, ಬಂದ ಹಣವನ್ನು ಪ್ರತಿಷ್ಠಾನಕ್ಕೆ ಕೊಡುವುದೆಂದು ಸಂಘದವರು ತೀರ್ಮಾನಿಸಿದರು.

ಐವತ್ತು ಮೀಟರಿಗಿಂತ ಆಳದಲ್ಲಿ ದುಡಿಯುವುದು ಸುಲಭವಲ್ಲ. ಅಲ್ಲಿ ನೀರಿನ ಒತ್ತಡ ಹೆಚ್ಚು, ಬೆಳಕು ಕಡಿಮೆ, ಚಳಿ ತೀವ್ರ. ಕೆಲವು ನಿಮಿಷಗಳ ಕೆಲಸ ಮುಗಿಸಿದವನು ಒಮ್ಮೆಲೇ ಮೇಲಕ್ಕೆ ಬರುವಂತಿಲ್ಲ. ರಕ್ತದಲ್ಲಿ ಕರಗಿದ ಅನಿಲ ಗುಳ್ಳೆಗಳಾಗಿ ಪ್ರಾಣಕ್ಕೆ ಅಪಾಯ ತರದಂತೆ ನಡುನಡುವೆ ನಿಂತು, ನಿಧಾನವಾಗಿ ಏರಬೇಕು. ಇಂಥ ಶ್ರಮವನ್ನು ಸಂಘದವರು ತಿಂಗಳುಗಟ್ಟಲೆ ಸಹಿಸಿದರು. 2009ರ ಜುಲೈ 12ರಂದು, ದಡದಲ್ಲಿ ನೆರೆದ ಜನರ ಕಣ್ಣೆದುರಿಗೆ, ಎಪ್ಪತ್ತಮೂರು ವರ್ಷಗಳ ಬಳಿಕ ಕಾರು ಸೂರ್ಯನ ಬೆಳಕನ್ನು ಕಂಡಿತು.

2010ರ ಜನವರಿಯಲ್ಲಿ ಪ್ಯಾರಿಸ್ಸಿನಲ್ಲಿ ಅದರ ಹರಾಜು ನಡೆಯಿತು. ಹೆಚ್ಚೆಂದರೆ 90,000 ಯೂರೊ ಬಂದೀತೆಂಬುದು ಹರಾಜುದಾರರ ಅಂದಾಜು. ಬಂದ ಬೆಲೆ 2,60,500 ಯೂರೊ! ಕೊಂಡವನು ಪೀಟರ್ ಮಲಿನ್ ಎಂಬ ಅಮೆರಿಕದ ಸಂಗ್ರಾಹಕ. ಫ್ರೆಂಚ್ ಕಾರುಗಳಿಗಾಗಿಯೇ ಕ್ಯಾಲಿಫೋರ್ನಿಯದ ಆಕ್ಸ್‌ನಾರ್ಡ್ ಎಂಬಲ್ಲಿ ಅವನು ಅದೇ ವರ್ಷ ಒಂದು ವಸ್ತುಸಂಗ್ರಹಾಲಯವನ್ನು ತೆರೆದನು. ಅಲ್ಲಿ ಮಿರಮಿರನೆ ಹೊಳೆಯುವ ಕಾರುಗಳ ನಡುವೆ ಈ ಕಾರನ್ನು ಮಾತ್ರ ಅದರ ತುಕ್ಕಿನೊಡನೆ, ಹರಿದ ತಗಡಿನೊಡನೆ, ಸರೋವರದಿಂದ ಬಂದಂತೆಯೇ ನಿಲ್ಲಿಸಿದನು. ಪ್ರೇಕ್ಷಕರು ಹೊಳೆಯುವ ಕಾರುಗಳನ್ನು ಮೆಚ್ಚಿ ಮುಂದೆ ಸಾಗಬಹುದು. ಈ ಕಾರಿನ ಮುಂದೆ ಮಾತ್ರ ಯಾರೂ ಪ್ರಶ್ನೆ ಕೇಳದೆ ದಾಟಲಾರರು.

ಮಲಿನ್ ಮಾಡಿದ್ದು ಸರಿಯೆ? ಅಲ್ಲವೆನ್ನುವವರಿದ್ದಾರೆ, ಅವರ ವಾದವನ್ನು ಹಗುರವಾಗಿ ತಳ್ಳಿಹಾಕುವಂತಿಲ್ಲ. ಕಾರು ಹುಟ್ಟಿದ್ದು ಓಡುವುದಕ್ಕೆ. ಓಡದ ಕಾರು ಹಾಡದ ವೀಣೆಯಂತೆ ಎಂದು ಅವರು ಹೇಳುತ್ತಾರೆ. ಕುಶಲಿಗಳಾದ ಕೆಲಸಗಾರರು ಕೊಳೆತ ಮರದ ಚೌಕಟ್ಟನ್ನು ಮತ್ತೆ ಕಟ್ಟಬಲ್ಲರು. ಮುರಿದ ಭಾಗವನ್ನು ನೋಡಿ ಅದರಂತೆಯೇ ಎರಕ ಹೊಯ್ಯಬಲ್ಲರು. ಅಂಥ ಕೈಕೆಲಸ ಬದುಕಿ ಉಳಿಯಬೇಕಾದರೆ ಅದಕ್ಕೆ ಕೆಲಸ ಕೊಡಬೇಕು. ತುಕ್ಕು ಹಿಡಿದ ಮುದ್ದೆಯನ್ನು ನೋಡಿದವನಿಗೆ ಬುಗಾಟಿಯ ಪ್ರತಿಭೆ ತಿಳಿಯುವುದೆಂತು? ಕಾರು ಮತ್ತೆ ಓಡಿದರೆ, ಅದರ ಯಂತ್ರದ ದನಿ ಮತ್ತೆ ಕೇಳಿಸಿದರೆ, ಅದನ್ನು ಮಾಡಿದವನಿಗೆ ನಿಜವಾದ ಗೌರವ ಸಲ್ಲುತ್ತದೆಂಬುದು ಅವರ ನಿಲುವು.

ಬೇರೆ ಹಲವು ಕಾರುಗಳ ವಿಷಯದಲ್ಲಿ ಈ ಮಾತು ಒಪ್ಪತಕ್ಕದ್ದೇ. ಕೊಟ್ಟಿಗೆಯಲ್ಲಿ ದೂಳು ತಿನ್ನುತ್ತ ನಿಂತ ಕಾರನ್ನು ಮತ್ತೆ ನಡೆಸುವುದರಲ್ಲಿ ತಪ್ಪಿಲ್ಲ. ಆದರೆ ಸರೋವರದ ಕಾರಿನ ಸ್ಥಿತಿ ಬೇರೆ. ಬ್ರೆಷಾ ಜಾತಿಯ ಕಾರುಗಳು ಒಟ್ಟು ಸುಮಾರು 2,000 ತಯಾರಾದುವು. ಅವುಗಳಲ್ಲಿ ಕೆಲವು ಇಂದಿಗೂ ಓಡುವ ಸ್ಥಿತಿಯಲ್ಲಿವೆ. ಬುಗಾಟಿಯ ಯಂತ್ರದ ದನಿ ಕೇಳಬೇಕೆನ್ನುವವರು ಅವುಗಳನ್ನು ಕೇಳಬಹುದು. ಆದರೆ ಸುಂಕದವರು ಸರಪಳಿ ಬಿಗಿದು ಇಳಿಸಿದ, ಸರೋವರವು ಎಪ್ಪತ್ತಮೂರು ವರ್ಷ ಕಾದಿಟ್ಟ, ಗೆಳೆಯರು ಒಬ್ಬ ತರುಣನ ನೆನಪಿಗಾಗಿ ಎತ್ತಿದ ಕಾರು ಲೋಕದಲ್ಲಿ ಒಂದೇ ಒಂದು. ಅದನ್ನು ಹೊಸದಾಗಿಸಿದರೆ ಇರುವ ಹಲವು ಬ್ರೆಷಾಗಳಿಗೆ ಇನ್ನೊಂದು ಸೇರುತ್ತದೆ. ಇದ್ದ ಒಂದೇ ಒಂದು ಇಲ್ಲವಾಗುತ್ತದೆ. ಈ ಲೆಕ್ಕದಲ್ಲಿ ಲಾಭವೆಲ್ಲಿ?

ಇನ್ನೂ ಒಂದು ಮಾತಿದೆ. ನೀರಿನಿಂದ ಬಂದಾಗ ಆ ಕಾರಿನಲ್ಲಿ ಮತ್ತೆ ಬಳಸಬಹುದಾಗಿದ್ದ ಭಾಗ ಸ್ವಲ್ಪವೇ. ಹೊಸ ಮೈ, ಹೊಸ ಗಾಲಿ, ಹೊಸ ಆಸನ, ಹೊಸ ಬಣ್ಣ ಎಲ್ಲವನ್ನೂ ಕೂಡಿಸಿದ ಮೇಲೆ ಹಳೆಯದೆನ್ನಲು ಉಳಿಯುವುದೇನು? ಚೌಕಟ್ಟಿನ ಮೇಲಿನ ಸಂಖ್ಯೆ ಮಾತ್ರ! ಅದು ಹಳೆಯ ಕಾರಿನ ಹೆಸರು ಹೊತ್ತ ಹೊಸ ಕಾರಾದೀತೇ ಹೊರತು ಹಳೆಯ ಕಾರಾಗದು.

ವಾಸ್ತವವಾಗಿ ಆ ತುಕ್ಕು ಕೇವಲ ಹಾಳಲ್ಲ, ಅದೊಂದು ಬರಹ. ಓದಬಲ್ಲವನಿಗೆ ಅದರಲ್ಲಿ ಮೂರು ಸಂಗತಿಗಳು ಕಾಣುತ್ತವೆ.

ಮೊದಲನೆಯದು ಮನುಷ್ಯರ ವ್ಯವಹಾರ. ಸುಂಕ ಸಲ್ಲದಿದ್ದರೆ ವಸ್ತುವನ್ನು ನಾಶ ಮಾಡಬೇಕೆಂದು ಕಾನೂನು ಹೇಳಿತು. ಅದನ್ನು ಪಾಲಿಸಿದ ಅಧಿಕಾರಿಗಳು ಸುಲಭವಾಗಿ ಕೊಡಲಿ ಎತ್ತಬಹುದಿತ್ತು, ಬೆಂಕಿ ಹಚ್ಚಬಹುದಿತ್ತು. ಅವರು ಸರಪಳಿ ಬಿಗಿದರು. ಆ ಸರಪಳಿಯಲ್ಲಿ ಕಾನೂನಿನ ಬಿಗಿಯೂ ಇದೆ, ಮನುಷ್ಯನ ಸಂಕೋಚವೂ ಇದೆ. ಆಜ್ಞೆಯನ್ನು ಮೀರದೆ, ದಯೆಗೂ ಒಂದು ದಾರಿ ಬಿಟ್ಟ ಆ ಅಧಿಕಾರಿಗಳ ಹೆಸರುಗಳು ಮರೆತುಹೋಗಿವೆ. ಅವರ ಮನಸ್ಸಿಗೆ ಉಳಿದ ಕುರುಹು ಈ ಕಾರೊಂದೇ.

ಎರಡನೆಯದು ಪ್ರಕೃತಿಯ ನಿಯಮ. ಕಬ್ಬಿಣ ತುಕ್ಕು ಹಿಡಿಯಬೇಕಾದರೆ ನೀರೊಂದೇ ಸಾಲದು, ಆಮ್ಲಜನಕವೂ ಬೇಕು. ಸರೋವರದ ಆಳದ ತಣ್ಣನೆಯ ನೀರಿನಲ್ಲಿ ರಾಸಾಯನಿಕ ಕ್ರಿಯೆ ನಿಧಾನ. ಹೂಳಿನ ಒಳಗಂತೂ ಆಮ್ಲಜನಕ ಇನ್ನೂ ವಿರಳ. ಆದ್ದರಿಂದ ಹೂಳಿನಲ್ಲಿ ಹೂತ ಭಾಗ ಹೆಚ್ಚು ಉಳಿಯುತ್ತದೆ. ನೀರಿಗೆ ತೆರೆದುಕೊಂಡ ಭಾಗ ಬೇಗ ಸವೆಯುತ್ತದೆ. ಉಪ್ಪು ನೀರು ಕಬ್ಬಿಣವನ್ನು ವೇಗವಾಗಿ ತಿನ್ನುತ್ತದೆ, ಮಜ್ಜೋರೆಯದು ಸಿಹಿನೀರು. ಈ ಕಾರು ಸಮುದ್ರಕ್ಕೆ ಬಿದ್ದಿದ್ದರೆ ಇಷ್ಟೂ ಉಳಿಯುತ್ತಿರಲಿಲ್ಲ. ಇನ್ನೊಂದು ವಿಚಿತ್ರವೆಂದರೆ, ಇಂಥ ವಸ್ತುವಿಗೆ ನಿಜವಾದ ಅಪಾಯ ಆರಂಭವಾಗುವುದು ಅದು ಮೇಲೆ ಬಂದ ಕ್ಷಣದಿಂದ. ಒದ್ದೆಯಾದ ಕಬ್ಬಿಣಕ್ಕೆ ಒಮ್ಮೆಲೇ ಯಥೇಚ್ಛವಾಗಿ ಗಾಳಿ ದೊರೆತಾಗ, ಹಲವು ವರ್ಷಗಳಲ್ಲಿ ಆಗದಿದ್ದ ಹಾನಿ ಕೆಲವೇ ದಿನಗಳಲ್ಲಿ ಆಗಬಹುದು. ಎತ್ತುವವನಿಗೆ ಎತ್ತುವ ಬಲವಿದ್ದರೆ ಸಾಲದು. ಎತ್ತಿದ ಮೇಲೆ ಕಾಪಾಡುವ ಜ್ಞಾನವೂ ಬೇಕು. ವಿಜ್ಞಾನದ ಪಾಠದಲ್ಲಿ ಓದುವ ಈ ಸಂಗತಿಗಳೆಲ್ಲ ಆ ಕಾರಿನ ಮೈಮೇಲೆ ಬರೆದಿವೆ. ಉಜ್ಜಿ ಹೊಳಪು ಕೊಟ್ಟರೆ ಆ ಪಾಠ ಅಳಿಸಿಹೋಗುತ್ತದೆ.

ಮೂರನೆಯದು ಪ್ರೀತಿ. ಲೋಭದಿಂದ ಎತ್ತಿದ ನಿಧಿಗಳ ಕಥೆಗಳು ಲೋಕದಲ್ಲಿ ಬೇಕಾದಷ್ಟಿವೆ. ಈ ಕಾರನ್ನು ಎತ್ತಿದವರು ತಮಗೆಂದು ಏನನ್ನೂ ಬಯಸಲಿಲ್ಲ. ಅಂದಾಜಿನ ಸುಮಾರು ಮೂರರಷ್ಟು ಬೆಲೆ ಬಂದದ್ದು ಕೇವಲ ಕಬ್ಬಿಣಕ್ಕಲ್ಲ. ಆ ಕಬ್ಬಿಣದೊಡನೆ ಬಂದ ಕಥೆಗೂ ಆ ಬೆಲೆ ಸಂದಿದೆ. ಯಾವ ತುಕ್ಕನ್ನು ಕುಂದೆಂದು ಕಳೆಯಹೊರಡುತ್ತಾರೋ ಅದೇ ಆ ಕಥೆಗೆ ಆಧಾರ.

ಹಿಂದಿನ ವಸ್ತುವನ್ನು ಅದರ ಕುಂದುಗಳೊಡನೆ ಉಳಿಸಿಕೊಳ್ಳುವುದರಿಂದ ಎಂಥ ಲಾಭವುಂಟೆಂಬುದಕ್ಕೆ ಸ್ವೀಡನ್ ದೇಶದ ‘ವಾಸಾ’ ಎಂಬ ಹಡಗು ಪ್ರಸಿದ್ಧವಾದ ನಿದರ್ಶನ. ರಾಜನ ಆಜ್ಞೆಯಂತೆ ಕಟ್ಟಿದ ಆ ಭಾರಿ ಯುದ್ಧನೌಕೆ 1628ರ ಆಗಸ್ಟ್ 10ರಂದು ತನ್ನ ಮೊದಲ ಯಾನದಲ್ಲಿಯೇ ಸ್ಟಾಕ್‌ಹೋಮ್ ಬಂದರಿನಲ್ಲಿ ಮುಳುಗಿತು. 1961ರ ಏಪ್ರಿಲ್ 24ರಂದು ಅದನ್ನು ಮೇಲಕ್ಕೆತ್ತಿದರು. ಮರ ಒಣಗಿ ಬಿರಿಯದಿರಲೆಂದು ಹದಿನೇಳು ವರ್ಷಗಳ ಕಾಲ ಅದರ ಮೇಲೆ ಮೇಣದಂಥ ರಾಸಾಯನಿಕ ದ್ರವವನ್ನು ಸಿಂಪಡಿಸಿದರು. ಇಷ್ಟು ಶ್ರಮಪಟ್ಟವರು ಅದನ್ನು ಮತ್ತೆ ಸಮುದ್ರಕ್ಕೆ ಇಳಿಸುವ ಯೋಚನೆ ಮಾಡಲಿಲ್ಲ. ವಸ್ತುಸಂಗ್ರಹಾಲಯ ಕಟ್ಟಿ ಅದರೊಳಗೆ ನಿಲ್ಲಿಸಿದರು. ಹಡಗಿನ ಮೇಲ್ಭಾಗದ ಭಾರಕ್ಕೆ ಅದರ ತಳ ಸಾಲದಾಯಿತು, ಗಾಳಿಗೆ ವಾಲಿದಾಗ ಫಿರಂಗಿಯ ಕಿಂಡಿಗಳಿಂದ ನೀರು ನುಗ್ಗಿತು ಎಂಬುದನ್ನು ಇಂದಿನವರು ಆ ಹಡಗನ್ನೇ ಅಳೆದು ತಿಳಿಯುತ್ತಾರೆ. ಚೆನ್ನಾಗಿ ತೇಲಲೆಂದು ಯಾರಾದರೂ ಅದನ್ನು ತಿದ್ದಿದ್ದರೆ, ಅದು ಏಕೆ ಮುಳುಗಿತೆಂಬ ಸತ್ಯವೇ ಮುಳುಗಿಹೋಗುತ್ತಿತ್ತು.

ಕನ್ನಡಿಗರಿಗೆ ಈ ಮಾತನ್ನು ತಿಳಿಯಲು ದೂರ ಹೋಗಬೇಕಾಗಿಲ್ಲ. ಬುಗಾಟಿ ಕಾರು ನೀರಿಗಿಳಿದ 1936ರಲ್ಲಿಯೇ, ಬೇಲೂರು ತಾಲ್ಲೂಕಿನ ಹಲ್ಮಿಡಿ ಗ್ರಾಮದ ಶಾಸನವನ್ನು ಡಾ. ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದರು. ಕ್ರಿ.ಶ. ಐದನೆಯ ಶತಮಾನದ್ದೆಂದು ವಿದ್ವಾಂಸರು ಎಣಿಸುವ ಆ ಕಲ್ಲು ಕನ್ನಡ ಭಾಷೆಯ ಅತ್ಯಂತ ಹಳೆಯ ಸಾಕ್ಷಿಗಳಲ್ಲಿ ಒಂದು. ಅದರ ಅಕ್ಷರಗಳು ಸವೆದಿವೆಯಲ್ಲ, ಓದಲು ಸುಲಭವಾಗಲೆಂದು ಉಳಿಯಿಂದ ಮತ್ತೊಮ್ಮೆ ಕೊರೆಯೋಣವೆಂದು ಯಾರಾದರೂ ಹೊರಟರೆ ನಾಡು ಒಪ್ಪೀತೆ? ಹಾಗೆ ಕೊರೆದರೆ ಉಳಿಯುವುದು ಕೊರೆದವನ ಅಕ್ಷರವೇ ಹೊರತು ಅಂದಿನ ಲಿಪಿಕಾರನ ಅಕ್ಷರವಲ್ಲ. ಮೂಲವನ್ನು ಮುಟ್ಟದೆ ಕಾಪಾಡಿ, ಜನರು ನೋಡಲೆಂದು ಅದರ ಪ್ರತಿಕೃತಿಯನ್ನು ಊರಿನಲ್ಲಿ ನಿಲ್ಲಿಸಿದರು. ಅದೇ ವಿವೇಕ. ಹೊಸ ಬುಗಾಟಿ ಬೇಕೆನ್ನುವವರೂ ಪ್ರತಿಕೃತಿಯನ್ನು ಮಾಡಿಕೊಳ್ಳಲಿ. ಮೂಲವು ಮೂಲವಾಗಿಯೇ ಇರಲಿ.

ಇಷ್ಟರವರೆಗೆ ಹೇಳಿದ್ದು ಕಾರಿನ ಅಂದಚೆಂದ, ಚರಿತ್ರೆಗಳ ಮಾತಾಯಿತು. ಆದರೆ ನೀರಿನ ತಳದ ಎಲ್ಲ ಕಾರುಗಳೂ ಇಂಥ ಕಥೆಯನ್ನು ಹೇಳುವುದಿಲ್ಲ. ಕೆಲವು ಕಾರುಗಳ ಸಾಕ್ಷ್ಯ ಬಹಳ ಭಾರವಾದದ್ದು.

ಅಮೆರಿಕದ ಒಕ್ಲಹೋಮಾ ರಾಜ್ಯದಲ್ಲಿ ಫಾಸ್ ಎಂಬ ಸರೋವರವಿದೆ. 2013ರ ಸೆಪ್ಟೆಂಬರಿನಲ್ಲಿ ಅಲ್ಲಿನ ಪೊಲೀಸರು ಶಬ್ದತರಂಗಗಳಿಂದ ನೀರಿನ ತಳವನ್ನು ಅರಿಯುವ ಸೋನಾರ್ ಎಂಬ ಉಪಕರಣವನ್ನು ಬಳಸಿ ಕಲಿಯುತ್ತಿದ್ದರು. ಅಭ್ಯಾಸಕ್ಕೆಂದು ಮಾಡಿದ ಆ ಶೋಧದಲ್ಲಿ ಎರಡು ಹಳೆಯ ಕಾರುಗಳು ಪಕ್ಕಪಕ್ಕದಲ್ಲಿ ಕಂಡುವು. ಒಂದು 1969ರ ಮಾದರಿಯ ಕಮಾರೋ. ಇನ್ನೊಂದು 1950ರ ದಶಕದ ಆರಂಭದ ಷೆವ್ರೋಲೆ. ಕಳವಾದ ಕಾರುಗಳಿರಬೇಕೆಂದು ಎಣಿಸಿ ಮೇಲಕ್ಕೆಳೆದರು. ಎರಡರಲ್ಲಿಯೂ ಮನುಷ್ಯರ ಮೂಳೆಗಳಿದ್ದುವು. ಕಮಾರೋ ಕಾರಿನಲ್ಲಿ ಹೊರಟ ಮೂವರು ಹದಿಹರೆಯದವರು 1970ರ ನವೆಂಬರಿನಲ್ಲಿ ಕಾಣೆಯಾಗಿದ್ದರು. ಷೆವ್ರೋಲೆಯಲ್ಲಿದ್ದ ಮೂವರು 1969ರಲ್ಲಿ ಕಾಣೆಯಾಗಿದ್ದರು. ನಲವತ್ತಕ್ಕೂ ಹೆಚ್ಚು ವರ್ಷ ಆ ಮನೆಗಳವರು ಉತ್ತರವಿಲ್ಲದ ಪ್ರಶ್ನೆಯೊಡನೆ ಬದುಕಿದ್ದರು. ಓಡಿಹೋದರೆ? ಯಾರಾದರೂ ಕೊಂದರೆ? ಎಲ್ಲಿಯಾದರೂ ಬದುಕಿರುವರೆ? ಸುಮಾರು ನಾಲ್ಕು ಮೀಟರ್ ಆಳದ ನೀರು ಆ ಉತ್ತರವನ್ನು ಅಷ್ಟು ಕಾಲ ಮುಚ್ಚಿಟ್ಟಿತ್ತು. ದುಃಖದ ಉತ್ತರವಾದರೂ ಅದು ಉತ್ತರ. ಕಾಯುವ ಸಂಕಟಕ್ಕೆ ಅದರಿಂದ ಒಂದು ಕೊನೆಯಾಯಿತು.

ಮೊದಲು ಕಂಡವನು ಅದನ್ನು ಹಳೆಯ ಕಾರೆಂದು ಮಾತ್ರ ತಿಳಿದು, ಬಿಡಿಭಾಗಗಳನ್ನು ಬಿಚ್ಚಿ ಮಾರಿಕೊಂಡಿದ್ದರೆ? ಕೆಸರನ್ನು ತೊಳೆದು ಚೊಕ್ಕಟ ಮಾಡಿದ್ದರೆ? ಆರು ಮಂದಿಯ ಅಂತ್ಯದ ಸುದ್ದಿ ಆ ಕೆಸರಿನ ನೀರಿನೊಡನೆ ಹರಿದುಹೋಗುತ್ತಿತ್ತು. ನೀರಿನ ತಳದಲ್ಲಿರುವುದು ಏನೆಂದು ತಿಳಿಯುವ ಮುನ್ನ ಅದನ್ನು ನಿಧಿಯೆಂದು ಕರೆಯಬಾರದು. ಕಂಡವನಿಗೆ ಮೊದಲು ಬರಬೇಕಾದದ್ದು ‘ಇದರ ಬೆಲೆಯೆಷ್ಟು?’ ಎಂಬ ಪ್ರಶ್ನೆಯಲ್ಲ, ‘ಇದು ಯಾರದು? ಇಲ್ಲಿಗೆ ಹೇಗೆ ಬಂದಿತು? ಇದಕ್ಕಾಗಿ ಯಾರಾದರೂ ಕಾಯುತ್ತಿರುವರೆ?’ ಎಂಬ ಪ್ರಶ್ನೆಗಳು. ಅವುಗಳಿಗೆ ಉತ್ತರ ದೊರೆಯುವವರೆಗೆ ವಸ್ತುವನ್ನು ಕೆಡಿಸದಿರುವುದು, ತಿಳಿದವರಿಗೆ ತಿಳಿಸುವುದು, ಕಂಡವನ ಮೊದಲ ಧರ್ಮ.

ಹಾಗಾದರೆ ನೀರಿಗೆ ಬಿದ್ದುದೆಲ್ಲವೂ ಪೂಜ್ಯವೆ? ಅಲ್ಲ. ಕಾರಿನಲ್ಲಿ ಎಣ್ಣೆಯುಂಟು, ಪೆಟ್ರೋಲುಂಟು, ಬ್ಯಾಟರಿಯಲ್ಲಿ ಸೀಸವೂ ಆಮ್ಲವೂ ಉಂಟು. ಇವು ಸೋರಿದರೆ ಮೀನಿಗೂ ಮನುಷ್ಯನಿಗೂ ಕೇಡು. ನಿನ್ನೆ ಮೊನ್ನೆ ಬಿದ್ದ ಕಾರನ್ನು ತಡಮಾಡದೆ ಎತ್ತಿ ನೀರನ್ನು ಕಾಪಾಡಬೇಕು. ಸರೋವರವು ಕಸದ ತೊಟ್ಟಿಯಲ್ಲ. ಮಜ್ಜೋರೆಯ ಕಾರಿನ ಕಥೆ ಎಷ್ಟೇ ರಮ್ಯವಾಗಿದ್ದರೂ ನೀರಿಗೆ ವಾಹನ ನೂಕುವುದನ್ನು ಯಾರೂ ಒಳ್ಳೆಯ ಕ್ರಮವೆನ್ನಲಾರರು. ತುಕ್ಕು ಹಿಡಿದುದೆಲ್ಲ ಚರಿತ್ರೆಯೂ ಅಲ್ಲ. ಯಾವ ವಸ್ತುವಿನ ಗಾಯವು ಬೇರೆಲ್ಲಿಯೂ ದೊರೆಯದ ಸತ್ಯವನ್ನು ಹೇಳುತ್ತದೆಯೋ ಆ ಗಾಯವನ್ನು ಮುಚ್ಚಬಾರದು. ಉಳಿದುದನ್ನು ದುರಸ್ತಿ ಮಾಡಿ ಬಳಸುವುದೇ ಜಾಣತನ. ವ್ಯತ್ಯಾಸವನ್ನು ಅರಿಯುವುದಕ್ಕೆ ಓದು ಬೇಕು, ವಿಚಾರ ಬೇಕು, ಸ್ವಲ್ಪ ತಾಳ್ಮೆಯೂ ಬೇಕು.

ಮಲಿನ್ 2023ರಲ್ಲಿ ತೀರಿಕೊಂಡನು. ಅವನ ವಸ್ತುಸಂಗ್ರಹಾಲಯವು 2024ರಲ್ಲಿ ಮುಚ್ಚಿತು. ಮನುಷ್ಯರು ಸಾಯುತ್ತಾರೆ, ಸಂಸ್ಥೆಗಳು ಮುಚ್ಚುತ್ತವೆ, ವಸ್ತುಗಳು ಕೈಯಿಂದ ಕೈಗೆ ಸಾಗುತ್ತವೆ. ಆದ್ದರಿಂದ ಹಳೆಯ ವಸ್ತುವನ್ನು ಕೊಂಡವನು ಅದರ ಒಡೆಯನೆಂಬುದಕ್ಕಿಂತ ಕೆಲಕಾಲದ ಕಾವಲುಗಾರನೆಂಬುದೇ ಸರಿ. ತಾನು ಪಡೆದ ಸಾಕ್ಷ್ಯವನ್ನು ತಿದ್ದದೆ ಮುಂದಿನವನಿಗೆ ಒಪ್ಪಿಸುವುದು ಕಾವಲುಗಾರನ ಕೆಲಸ. ಅಸ್ಕೋನಾದ ಸುಂಕದವರು ಕಾರಿಗೆ ಬಿಗಿದ ಸರಪಳಿಯನ್ನು ನೀರು ತಿಂದುಹಾಕಿತು. ಆ ಕಾರಿಗೂ ಅದನ್ನು ಮುಳುಗಿಸಿದ, ಕಾದ, ಎತ್ತಿದ ಜನರಿಗೂ ನಡುವೆ ಇರುವ ಸರಪಳಿ ಮಾತ್ರ ಇನ್ನೂ ಕಡಿದಿಲ್ಲ. ತುಕ್ಕನ್ನು ಉಜ್ಜುವ ಕೈಗಳು ಅದನ್ನು ಕಡಿಯದಿರಲಿ.